ಗೇಣಿಗೆ ಎರಡು ಬೆರಳು ಕಮ್ಮಿ

ಬಾಗಿಲು ತೆಗೆಯದ ಮಗಳಿಗೆ,

ಕಿವುಡಿಯೇನೇ ನೀನು? ಮೂರು ಸಲ ಬೆಲ್ ಒತ್ತಿದೆ. ಪರದೆ ಅಲ್ಲಾಡಿದ್ದು ಕಂಡಿತು. ನನ್ನ ಕಣ್ಣು ಇನ್ನೂ ಗಟ್ಟಿಯಾಗಿದೆ.

ನಿನ್ನ ಈ ಪರದೇಶಕ್ಕೆ ಬಂದ ಪ್ರವಾಸದ ಕಡೆಯ ದಿನವಿದು. ಬಸ್ಸಿನವರೆಲ್ಲ ಗೋಪುರ ನೋಡಲು ಹೋದರು. ನಾನು ನಿನ್ನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಊರಿಗೆ ವಿಮಾನ.

ನೀನು ಹೇಳದೆ ಮದುವೆಯಾದಾಗ "ನನ್ನ ಪಾಲಿಗೆ ಸತ್ತೆ" ಅಂದ ನಾಲಿಗೆ ನನ್ನದೇ. ತಪ್ಪಾಯಿತು.

ಬಾಗಿಲ ಹೊರಗೆ ಪುಟ್ಟ ಚಪ್ಪಲಿ ಇದೆ. ಗೇಣು ಹಾಕಿ ನೋಡಿದೆ, ಎರಡು ಬೆರಳು ಕಮ್ಮಿ. ನಾನು ಅಜ್ಜಿಯಾದ ಸುದ್ದಿಯನ್ನು ಚಪ್ಪಲಿ ಹೇಳಬೇಕೇನೇ?

ಮುಂದಿನ ತಿಂಗಳು ನನ್ನ ಗಂಟಲಿಗೆ ಆಪರೇಷನ್. ಆಮೇಲೆ ದನಿಯೇ ಇರುವುದಿಲ್ಲವಂತೆ; ನಿನಗೆ ನೆಮ್ಮದಿ. ಮಗುವನ್ನು ಒಂದು ಸಲ ಬಾಯಿ ತುಂಬ ಕರೆಯಬೇಕು. ಅಷ್ಟರೊಳಗೆ ಹೆಸರು ಬರೆದು ಕಳಿಸು.

ಇಂತಿ,
ಮೆಟ್ಟಿಲ ಮೇಲಿರುವ ನಿನ್ನ ಅಮ್ಮ