ಅರಸನಿಲ್ಲದ ತಾಲೀಮು

ರಂಗಮಂದಿರ, ಮಹಡಿಯ ಬಣ್ಣದ ಕೋಣೆ
ಬುಧವಾರ, ಹನ್ನೊಂದನೆಯ ತಾರೀಖು

ಪ್ರೀತಿಯ ಯಜಮಾನರೇ,

ಕಂಪನಿಯವರೆಲ್ಲ ಕರೆಯುವ ಹೆಸರಿನಲ್ಲೇ ಶುರು ಮಾಡಿದ್ದೇನೆ, ನಗಬೇಡಿ. ಕಾಗದದ ಮೇಲೆ ಬರೀ ‘ರೀ’ ಎಂದು ಬರೆದರೆ ಅಡುಗೆಮನೆಯಿಂದ ಕೂಗಿದ ಹಾಗೆ ಕಾಣಿಸುತ್ತದೆ. ಗಂಟಲು ಹೇಗಿದೆ? ನುಂಗುವಾಗ ಇನ್ನೂ ನೋವಿದೆಯೇ? ಇನ್ನು ಮಾತಾಡಬಹುದೆಂದು ಡಾಕ್ಟರು ಹೇಳಿದ ಸುದ್ದಿ ಓದಿ ಮಗಳು ಕೂತಲ್ಲಿಂದ ಎದ್ದೇಬಿಟ್ಟಳು. ನನಗೂ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಆದರೆ ಡಾಕ್ಟರು ‘ಮಾತಾಡಬಹುದು’ ಅಂದರೆ ಮೆಲ್ಲಗೆ ನೀರು ಕೇಳಬಹುದು ಎಂದು ಅರ್ಥ. ನೀವು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟುಕೊಂಡು, ಐದನೆಯ ಅಂಕದ ಮಾತುಗಳನ್ನು ಒದರುತ್ತೀರೆಂದು ನಿಮ್ಮಕ್ಕ ಬರೆದಿದ್ದಾರೆ. ನಲ್ಲಿ ಬಿಟ್ಟರೆ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದೀರಾ? ಬೀದಿಯ ಕೊನೆಯ ಮನೆಯವರು ಬಂದು, ಒಳಗೆ ಯಾರಿಗೆ ಬೈಯುತ್ತಿದ್ದಾರೆ ಎಂದು ವಿಚಾರಿಸಿಕೊಂಡು ಹೋದರಂತೆ. ಆಪರೇಷನ್ ಆದ ಗಂಟಲು ರೀ ಅದು, ಸ್ವಲ್ಪ ದಯೆ ಇರಲಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಇದ್ದಲ್ಲೇ ಇದೆ, ಅದರ ವಿಷಯ ಮುಂದೆ ಬರುತ್ತದೆ. ಒಂದು ಮಾತು ಹೇಳಲೇ? ನೀವು ಮಾತಾಡುವ ಹಾಗಿಲ್ಲದ ಈ ತಿಂಗಳುಗಳಲ್ಲಿ, ಫೋನಿನಲ್ಲಿ ನಾನೊಬ್ಬಳೇ ವಟಗುಟ್ಟುವುದು ಬೇಡವೆಂದು ಕಾಗದ ಬರೆಯುವ ಅಭ್ಯಾಸ ಮಾಡಿಕೊಂಡೆವಲ್ಲ, ಅದು ನನಗೆ ಹಿಡಿಸಿಬಿಟ್ಟಿದೆ. ಕಾಗದದಲ್ಲಿ ನನ್ನ ಮಾತನ್ನು ನಡುವೆ ತಡೆಯಲು ನಿಮಗೆ ಆಗುವುದಿಲ್ಲ.

ಈಗ ನಿಮ್ಮ ಕಾಗದದ ಕೊನೆಯ ಸಾಲಿಗೆ ಬರುತ್ತೇನೆ. ಮುಂದಿನ ಶುಕ್ರವಾರ ಬರುತ್ತೇನೆ, ಶನಿವಾರ ಮೊದಲ ಆಟ, ಇಳಿದುಹೋಗಿದ್ದೇನೆ, ಅರಸನ ಕೋಟನ್ನು ಸೊಂಟದಲ್ಲಿ ಚಿಕ್ಕದು ಮಾಡಿಸಿಡು ಎಂದಿದ್ದೀರಿ. ಅದಕ್ಕೆ ಉತ್ತರ ಬರೆಯಲೆಂದೇ ಬೆಳಿಗ್ಗೆಯಿಂದ ಕೂರುವುದು, ಏಳುವುದು ಮಾಡುತ್ತಿದ್ದೇನೆ. ಒಂದು ಸಲ ಪರದೆಯ ಹಗ್ಗ ನೋಡಿ ಬರಲು ಎದ್ದೆ, ಇನ್ನೊಂದು ಸಲ ಸುಮ್ಮನೆ ಎದ್ದೆ. ಕಾಲು ಸುಟ್ಟ ಬೆಕ್ಕಿನ ಹಾಗೆ ಅಮ್ಮ ಯಾಕೆ ಓಡಾಡುತ್ತಿದ್ದಾಳೆಂದು ಮಗಳು ಎಲ್ಲರನ್ನೂ ಕೇಳುತ್ತಿದ್ದಾಳೆ, ಕಾರಣ ಅವಳಿಗೆ ಗೊತ್ತಿದ್ದೂ. ಆ ಕೋಟನ್ನು ನಾನು ಟೈಲರಿಗೆ ಕೊಟ್ಟಿಲ್ಲ. ಯಾಕೆ ಕೊಟ್ಟಿಲ್ಲ ಎಂದು ಒಂದೇ ಸಾಲಿನಲ್ಲಿ ಹೇಳುವ ಧೈರ್ಯ ಈಗ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸಿಟ್ಟು ನಿಮಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಗೊತ್ತು, ಆದರೂ ಪೂರ್ತಿ ಓದಿ.

ಕಳೆದ ವರ್ಷದ ಕೊನೆಯ ಆಟ ನೀವೂ ಮರೆತಿರಲಿಕ್ಕಿಲ್ಲ. ನಿಮ್ಮ ತಾತನ ಕಾಲದಿಂದ ನಮ್ಮ ಕಂಪನಿಯನ್ನು ಸಾಕಿದ ನಾಟಕ. ಯುದ್ಧಕ್ಕೆ ಹೋದ ಅರಸ ಎಷ್ಟೋ ವರ್ಷಗಳ ಮೇಲೆ ಮರಳುತ್ತಾನೆ. ತಾನಿಲ್ಲದಾಗ ರಾಣಿ ಉಗ್ರಾಣ ತೆರೆಸಿ ಜನಕ್ಕೆ ಧಾನ್ಯ ಹಂಚಿದ್ದಾಳೆ, ತನ್ನನ್ನು ಕೇಳದೆ ಶತ್ರುವಿನ ಜೊತೆ ಸಂಧಿ ಮಾಡಿಕೊಂಡಿದ್ದಾಳೆ ಎಂದು ತಿಳಿದು, ತುಂಬಿದ ಸಭೆಯಲ್ಲಿ ಅವಳನ್ನು ನಿಲ್ಲಿಸಿ ವಿಚಾರಣೆ ಮಾಡುತ್ತಾನೆ. ಕೊನೆಗೆ ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಾನೆ, ಅವಳು ಮಂಡಿಯೂರಿ ಅಳುತ್ತಾಳೆ, ಪರದೆ ಬೀಳುತ್ತದೆ. ಆ ಕ್ಷಮೆಯ ಮಾತಿಗೆ ಒಂದು ಕಾಲದಲ್ಲಿ ಸಭೆಗೆ ಸಭೆಯೇ ಬಿಕ್ಕುತ್ತಿತ್ತು. ಕಳೆದ ವರ್ಷ ಹಿಂದಿನ ಸಾಲಿನ ಕಾಲೇಜು ಹುಡುಗಿಯರು ಕಿಸಕ್ಕೆಂದರು. ಮೊದಲು ಒಬ್ಬಳು, ಆಮೇಲೆ ಇಡೀ ಸಾಲು. ನಾನು ಮಂಡಿಯೂರಿದವಳು ಹಾಗೇ ತಲೆ ತಗ್ಗಿಸಿಕೊಂಡು, ಯಾವಾಗ ಪರದೆ ಬೀಳುತ್ತದೋ ಎಂದು ಕಾದೆ. ನೀವು ಒಳಗೆ ಬಂದು ಕಿರೀಟ ಎಸೆದದ್ದು ಕನ್ನಡಿಗೆ ತಗುಲಿತು. ಆ ಬಿರುಕು ಈಗಲೂ ನನ್ನ ಮುಖಕ್ಕೆ ಅಡ್ಡವಾಗಿ ಕಾಣುತ್ತದೆ. “ಈ ಕಾಲದೋರಿಗೆ ಈ ಕಾಲದ ಬಟ್ಟೆ ಹಾಕಿ ತೋರಿಸ್ತೀನಿ” ಅಂದಿರಿ. ತೋರಿಸಲು ಹೊರಟಿರಿ ಕೂಡ. ಕಿರೀಟ ಹೋಗಿ ಮಿಲಿಟರಿ ಕೋಟು ಬಂತು, ರಥ ಹೋಗಿ ಹೆಲಿಕಾಪ್ಟರಿನ ಸದ್ದು ಬಂತು, ಹಿಂದೆ ದೊಡ್ಡ ಬಿಳಿ ಪರದೆಯ ಮೇಲೆ ಸುಡುತ್ತಿರುವ ಊರು ಬಂತು. ಆ ಹೆಲಿಕಾಪ್ಟರಿನಿಂದ ಪಕ್ಕದ ಮನೆಯ ಕೂಸು ಎದ್ದು ಅತ್ತದ್ದೊಂದು ಬಿಟ್ಟರೆ ಬೇರೆ ಪರಿಣಾಮ ನನಗೆ ಕಾಣಲಿಲ್ಲ. ಮಾತು ಅದೇ ಇದ್ದರೆ ಜನ ಅಲ್ಲೇ ನಗುತ್ತಾರಲ್ಲ ಅಪ್ಪ, ಎಂದು ಮಗಳು ಕೇಳಿದಾಗ “ಮಾತು ಮುಟ್ಟೋ ಹಾಗಿಲ್ಲ” ಎಂದು ಗದರಿದಿರಿ. ಅದಾದ ವಾರದಲ್ಲೇ ಗಂಟಲಿನ ಗಂಟು ಗೊತ್ತಾಗಿ ನೀವು ಆಸ್ಪತ್ರೆಗೆ, ಅಲ್ಲಿಂದ ಅಕ್ಕನ ಮನೆಗೆ ಹೋದಿರಿ.

ನಾವು ತಾಲೀಮು ನಿಲ್ಲಿಸಲಿಲ್ಲ. ನಮ್ಮ ಮನೆಯ ನಿಯಮ ನಿಮಗೆ ಹೇಳಬೇಕಾಗಿಲ್ಲ. ಪಾತ್ರಧಾರಿ ಬಾರದಿದ್ದರೆ ಅವನ ಮಾತನ್ನು ಬೇರೆ ಯಾರೂ ಓದುವ ಹಾಗಿಲ್ಲ, ಅವನ ಮಾತಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎಲ್ಲರೂ ಸುಮ್ಮನಿದ್ದು, ಆಮೇಲೆ ಮುಂದಿನವರು ತಮ್ಮ ಮಾತು ಹೇಳಬೇಕು. ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋದರೆ ಹಳಸುತ್ತದೆ ಎನ್ನುತ್ತಿದ್ದರು ಮಾವನವರು. ಬೇರೆ ಕಂಪನಿಯವರು ಇದನ್ನು ಕೇಳಿ ನಗುತ್ತಾರೆ. ನಾವು ಮಾತ್ರ ಅದನ್ನು ಬಿಟ್ಟವರಲ್ಲ, ಈ ಸಲವೂ ಬಿಡಲಿಲ್ಲ. ನಿಮ್ಮ ಸಿಂಹಾಸನ ಖಾಲಿ ಇಟ್ಟುಕೊಂಡು ಅದರೆದುರು ನಿಂತು ಆಡಿದೆವು. ಮೊದಮೊದಲು ನನಗೇನೂ ಕಷ್ಟವಾಗಲಿಲ್ಲ. ಮದುವೆಯಾದ ಮರುವರ್ಷದಿಂದ ರಾಣಿಯಾಗಿರುವವಳು ನಾನು, ನಿಮ್ಮ ಮಾತೆಲ್ಲ ಕಿವಿಯಲ್ಲೇ ಇದೆ, ಎರಡನೆಯ ಪ್ರಶ್ನೆಗೆ ಮುಂಚೆ ಕೆಮ್ಮುತ್ತೀರಲ್ಲ, ಆ ಕೆಮ್ಮಿನ ಸಮೇತ. ಅದು ಮುಗಿದದ್ದು ಕೇಳಿಸಿದ ಕೂಡಲೇ ನಾನು ಉತ್ತರ ಹೇಳುತ್ತಿದ್ದೆ. ಆಮೇಲೆ ಯಾವತ್ತು ಅಂತ ಗೊತ್ತಿಲ್ಲ, ಕೇಳಿಸುವುದು ನಿಂತಿತು. ನಿಂತು ಕಾಯುತ್ತೇನೆ, ಎದುರಿಗೆ ಬರೀ ಕುರ್ಚಿ. ಇವನು ಈಗ ಏನು ಕೇಳಿರಬಹುದು, ನಾನ್ಯಾಕೆ ಉತ್ತರ ಕೊಡಬೇಕು ಎಂದು ಯೋಚಿಸುವ ಹಾಗಾಯಿತು. ‘ಉಗ್ರಾಣದ ಬೀಗ ನಾನೇ ತೆಗೆಸಿದೆ’ ಎಂಬ ಮಾತನ್ನು ಇಷ್ಟು ವರ್ಷ ನಡುಗುತ್ತಾ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಅದು ತಾನಾಗಿಯೇ ಬೇರೆ ಥರ ಬಂತು, ಮನೆಯಲ್ಲಿ ಯಾರಾದರೂ ಬಾಗಿಲು ಯಾರು ತೆಗೆದದ್ದು ಎಂದರೆ ನಾನೇ ಎನ್ನುತ್ತೇವಲ್ಲ, ಹಾಗೆ. ಮಂತ್ರಿಯ ಪಾತ್ರದ ನಮ್ಮ ಗಡಿಯಾರ, ರಂಗದ ಮೇಲೂ ಕೈಗಡಿಯಾರ ನೋಡಿಕೊಳ್ಳುವ ಆ ಪುಣ್ಯಾತ್ಮ, ನೋಡುವುದನ್ನು ಮರೆತು ನನ್ನನ್ನೇ ನೋಡಿದ.

ಎದ್ದು ಹೋಗಿ ಬಂದೆ. ಟೀ ಮಾಡಿಕೊಂಡೆ, ಕುಡಿಯಲಿಲ್ಲ, ಆರಿಹೋಗುತ್ತಿದೆ.

ಭಾನುವಾರದ ವಿಷಯ ಹೇಳದೆ ಗತಿಯಿಲ್ಲ. ಜನರೆದುರು ಒಂದು ಸಲ ಆಡಿ ನೋಡೋಣವೆಂದು ಮಗಳು ತನ್ನ ಕಾಲೇಜಿನವರನ್ನು, ಅವರ ಮನೆಯವರನ್ನು ಕರೆದಿದ್ದಳು. ಕಳೆದ ವರ್ಷ ನಕ್ಕವರಲ್ಲಿ ಕೆಲವರು ಇದ್ದರಂತೆ. ಅರಸನ ಪಾತ್ರಧಾರಿ ಚಿಕಿತ್ಸೆಯಲ್ಲಿದ್ದಾರೆ, ಅವರ ಮಾತಿನ ಹೊತ್ತಿಗೆ ನಾವು ಸುಮ್ಮನಿರುತ್ತೇವೆ, ದಯವಿಟ್ಟು ಸಹಿಸಿಕೊಳ್ಳಿ ಎಂದು ಗಡಿಯಾರ ಮೊದಲೇ ಕೈಮುಗಿದು ಹೇಳಿದ. ಹೆಲಿಕಾಪ್ಟರ್ ಇಲ್ಲ, ಸುಡುವ ಊರೂ ಇಲ್ಲ, ಮಗಳು ಸಿಂಹಾಸನದ ಮೇಲೊಂದು ದೀಪ ಬಿಟ್ಟಳು, ಅಷ್ಟೇ. ಮೊದಲ ಮೌನಕ್ಕೆ ಜನ ಕೂತಲ್ಲೇ ಮಿಸುಕಾಡಿದರು, ಕೆಮ್ಮಿದರು. ನಾಲ್ಕನೆಯದರ ಹೊತ್ತಿಗೆ ಕೆಮ್ಮೂ ಇಲ್ಲ. ಸಂಧಿಗೆ ಯಾಕೆ ಸಹಿ ಹಾಕಿದೆ ಎಂದು ನೀವು ಕೇಳುವ ಜಾಗದಲ್ಲಿ ನಾನು ನಿಂತಿದ್ದಾಗ ಕತ್ತಲಿನಿಂದ ಒಬ್ಬಳು “ಉತ್ತರ ಕೊಡಬೇಡಮ್ಮ” ಅಂದಳು, ಪಕ್ಕದವಳಿಗೆ ಹೇಳಿದ ಹಾಗೆ, ಮೆಲ್ಲಗೆ. ಯಾರೂ ನಗಲಿಲ್ಲ. ಆಮೇಲೆ ನಿಮ್ಮ ಕ್ಷಮೆಯ ಮಾತು ಬಂತು. ಅದು ಎಷ್ಟು ಉದ್ದ ಎಂದು ನಿಮಗೆ ಗೊತ್ತೇ? ಹೇಳುವವರಿಗೆ ಗೊತ್ತಾಗುವುದಿಲ್ಲ ರೀ, ನಿಂತವರಿಗೆ ಗೊತ್ತಾಗುತ್ತದೆ. ನಿಂತೆ, ನಿಂತೆ, ಮಂಡಿ ಚುಳ್ಳೆನ್ನತೊಡಗಿತು. ಮಂಡಿಯೂರೋಣ ಎಂದರೆ ಎದುರಿಗೆ ಯಾರೂ ಇಲ್ಲ, ಬರೀ ಹಲಗೆ. ಊರಿದರೆ ಮತ್ತೆ ಏಳುವುದು ಹೇಗೆ ಎಂಬ ಚಿಂತೆ ಬೇರೆ. ಆಚೀಚೆ ನೋಡಿದೆ, ಹತ್ತಿರದಲ್ಲಿದ್ದದ್ದು ಅದೊಂದೇ ಕುರ್ಚಿ. ಹೋಗಿ ಕೂತುಬಿಟ್ಟೆ.

ಹೌದು, ಸಿಂಹಾಸನದ ಮೇಲೆ. ಧೂಳು ಒರೆಸುವವರು ಕೂಡ ಕೂರದ ಮಾವನವರ ಸಿಂಹಾಸನದ ಮೇಲೆ. ನಾನು ಏನು ಮಾಡಿಬಿಟ್ಟೆ ಎಂದು ಹೊಳೆದದ್ದೇ ಕೂತ ಮೇಲೆ. ಅರಸಿಯ ಗಾಂಭೀರ್ಯ, ಹೊಸ ಅರ್ಥ ಅಂತೆಲ್ಲ ಜನ ಆಮೇಲೆ ಏನೇನೋ ಹೇಳಿದರು, ನಿಮ್ಮಾಣೆಗೂ ಅದು ಮಂಡಿನೋವು. ಆದರೆ ಕೂತವಳಿಗೆ ಏಳಬೇಕೆನ್ನಿಸಲಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿಂದ ಇಡೀ ರಂಗ ಕಾಣುತ್ತದೆ, ಕೊನೆಯ ಸಾಲಿನವರ ಮುಖ ಕೂಡ ಕಾಣುತ್ತದೆ, ನಾನು ಇಷ್ಟು ವರ್ಷ ನೋಡಿದ್ದು ನಿಮ್ಮ ಚಪ್ಪಲಿಯ ತುದಿಯನ್ನು ಮಾತ್ರ. ಮಗಳು ದೀಪವನ್ನು ಮೆಲ್ಲಗೆ ಇಳಿಸಿದಳು. ಆಟ ಕೆಟ್ಟಿತೆಂದೇ ಎಣಿಸಿದೆ. ಆಮೇಲೆ ಬಂದ ಚಪ್ಪಾಳೆ ನಿಲ್ಲಲೇ ಇಲ್ಲ. ಹೊರಗೆ ಮೆಟ್ಟಿಲ ಮೇಲೆ ಜನ ಗುಂಪುಗೂಡಿ, ಅರಸ ಏನು ಕೇಳಿದ, ಏನು ಹೇಳಿದ ಎಂದು ಜಗಳಕ್ಕೇ ಬಿದ್ದಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕೇಳಿಸಿದೆ. ಒಬ್ಬ ಹುಡುಗಿಯ ತಂದೆ, ಬಸ್ಸು ಓಡಿಸುವವರಂತೆ, ನನ್ನ ಹತ್ತಿರ ಬಂದು ಹೇಳಿದರು: “ಅಲ್ಲಿ ಯಾರೂ ಮಾತಾಡ್ಲಿಲ್ಲ ತಾಯಿ, ಆದ್ರೆ ನಾನು ಮನೇಲಿ ಏನೇನು ಕೇಳ್ತೀನೋ ಅದೇ ಕೇಳಿಸ್ತು.” ಅಷ್ಟು ಹೇಳಿ ಹೆಂಡತಿಯ ಕಡೆ ನೋಡದೆ ಹೋದರು. ಆಕೆ ಹಿಂದೆ ತಿರುಗಿ ನನಗೆ ಕೈ ಬೀಸಿದರು.

ಗಡಿಯಾರ ಆ ದಿನ ನಮ್ಮ ಜೊತೆ ಟೀ ಕುಡಿಯಲಿಲ್ಲ. “ಯಜಮಾನ್ರು ಬದುಕಿರುವಾಗ ಹೀಗೆ ಮಾಡಬಾರದಿತ್ತು ಅತ್ತಿಗೆ” ಅಂದ, ನೀವು ಸತ್ತರೆ ಮಾಡಬಹುದು ಎನ್ನುವ ಹಾಗೆ. ಮಾರನೆಯ ದಿನ ಅವನೇ ಬಂದು, ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತುತ್ತಿತ್ತು, ಮಂತ್ರಿ ಆಗ ಎಲ್ಲಿ ನಿಲ್ಲಬೇಕು ಎಂದು ಕೇಳಿದ. ಮಗಳ ಕಾಲಂತೂ ನೆಲದ ಮೇಲೆ ನಿಲ್ಲುತ್ತಿಲ್ಲ. ಮಾತಿನ ಒಂದಕ್ಷರ ಮುಟ್ಟಿಲ್ಲವಲ್ಲಮ್ಮ, ಅಪ್ಪ ಹೇಳಿದ ಹಾಗೇ ಮಾಡಿದ್ದೇವೆ ಎಂದು ವಾದ ಮಾಡುತ್ತಾಳೆ. ಮಾತಿಗೆ ಮಾತು ಕೊಡುವುದರಲ್ಲಿ ಥೇಟ್ ನೀವೇ.

ನನ್ನ ಮನಸ್ಸು ಮಾತ್ರ ಒಂದು ಕಡೆ ನಿಲ್ಲುತ್ತಿಲ್ಲ. ನಿಮಗೆ ಧ್ವನಿ ಮರಳಿ ಬರಲಿ ಎಂದು ಹಂಬಲಿಸಿದವಳು ನಾನೇ. ಆಪರೇಷನ್ನಿನ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಇವರು ಇನ್ನೊಮ್ಮೆ ನನ್ನನ್ನು ಬೈದರೆ ಸಾಕು ಎಂದು ಅತ್ತವಳು. ಈಗ ಧ್ವನಿ ಬಂದಿದೆ ಎಂಬ ಕಾಗದ ಕೈಯಲ್ಲಿದೆ, ಓದಿದ ಕೂಡಲೇ ಸಂತೋಷವಾಯಿತು, ಅದರ ಹಿಂದೆಯೇ, ಇನ್ನು ಸ್ವಲ್ಪ ದಿನ ತಡವಾಗಿ ಬರಬಾರದಿತ್ತೇ ಎನ್ನಿಸಿತು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ನಿಮ್ಮ ಮೇಲೆ ಪ್ರೀತಿ ಕಡಿಮೆಯಾಗಿದೆಯೇ ಎಂದು ಕೇಳಿಕೊಂಡೆ. ಇಲ್ಲ. ಮನೆಗೆ ಹೋದರೆ ನಿಮ್ಮ ಕಡೆಯ ಹಾಸಿಗೆ ಮಡಿಚಿಟ್ಟದ್ದು ನೋಡಲಾಗದೆ ಮಗಳ ಕೋಣೆಯಲ್ಲಿ ಮಲಗುತ್ತೇನೆ. ಬನ್ನಿ, ಬೇಗ ಬನ್ನಿ, ಮನೆಯಲ್ಲಿ ಎಷ್ಟು ಬೇಕಾದರೂ ಮಾತಾಡಿ. ಶನಿವಾರ ಸಂಜೆಯ ವಿಷಯ ಬೇರೆ, ಅದನ್ನು ಬರೆಯಲು ಹೋದಾಗಲೆಲ್ಲ ಪೆನ್ನು ಬೇರೆ ಕಡೆ ಓಡುತ್ತದೆ. ನೋಡಿ, ಈಗಲೂ ಓಡಿತು.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮನ್ನು ಇಷ್ಟು ದಿನ ಸಹಿಸಿಕೊಂಡದ್ದಕ್ಕೆ ಅವರಿಗೆ ಏನು ಕೊಟ್ಟರೂ ಕಡಿಮೆ. ಪ್ರಯಾಣದಲ್ಲಿ ಕಿಟಕಿಯ ಪಕ್ಕ ಕೂರಬೇಡಿ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳಿ, ತಣ್ಣಗಿನದೇನೂ ಕುಡಿಯಬೇಡಿ. ನೀವು ನೂರು ವರ್ಷ ಚೆನ್ನಾಗಿರಬೇಕು, ನನ್ನೆದುರಿಗೇ ಇರಬೇಕು.

ಎಂದಿಗೂ ನಿಮ್ಮವಳೇ ಆದ,
ರಾಣಿ

ತಾ.ಕ.: ಅಂಚೆಗೆ ಹಾಕಲು ಮಗಳು ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಹೇಳಿಬಿಡುತ್ತೇನೆ. ಈ ನಾಟಕದಲ್ಲಿ ಇನ್ನು ಅರಸನ ಪ್ರವೇಶ ಇಲ್ಲ. ಕೋಟು ಪೆಟ್ಟಿಗೆಗೆ ಹಾಕಿದ್ದೇನೆ. ಕಂಪನಿ ನಿಮ್ಮದು, ಬೇಡ ಎನ್ನುವ ಹಕ್ಕು ನಿಮಗಿದೆ. ಹಳೆಯ ಹಾಗೇ ಆಡುತ್ತೇನೆಂದರೆ ಆಡಿ, ಆದರೆ ಮಂಡಿಯೂರಲು ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ, ನಾನು ಊರುವುದಿಲ್ಲ. ಶನಿವಾರ ನಿಮಗೆ ಮುಂದಿನ ಸಾಲಿನ ನಡುವಿನ ಕುರ್ಚಿ ಇಟ್ಟಿದ್ದೇನೆ. ಬಂದು ಕೂತುಕೊಳ್ಳಿ. ನೀವು ನನ್ನನ್ನು ಕ್ಷಮಿಸುವ ಹೊತ್ತು ಬಂದಾಗ ಮಾತು ಗಂಟಲಿನ ತನಕ ಬರುತ್ತದೆ, ನಿಮ್ಮನ್ನು ನಾನು ಬಲ್ಲೆ. ನಾನು ಮೇಲಿನಿಂದ ನಿಮ್ಮನ್ನೇ ನೋಡುತ್ತಿರುತ್ತೇನೆ. ಏನೂ ಹೇಳಬೇಡಿ.