ಧನ್ಯವಾದ ಅಂತ ಬರುತ್ತಿತ್ತು

ತಮ್ಮಾ,

ಊಟ ಒಲೆಯ ಮೇಲೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು. ಮೊನ್ನೆಯ ಹಾಗೆ ತಳ ಹಿಡಿಸಿದರೆ ಪಾತ್ರೆ ಉಜ್ಜುವವನು ನೀನೇ. ಮಧ್ಯಾಹ್ನ ನೀರು ಬರುತ್ತದೆ, ನಲ್ಲಿ ತಿರುಗಿಸಿಟ್ಟು ಮತ್ತೆ ಮಲಗಬೇಡ.

ಇನ್ನೊಂದು ಮಾತು. ನೀನು ಮಾಡುತ್ತಿರುವ ವೆಬ್‌ಸೈಟಿಗೆ ಕನ್ನಡ ಟೈಪಿಂಗ್ ಜೋಡಿಸಿ, "ಅಕ್ಕಾ, ಇಂಗ್ಲಿಷ್ ಅಕ್ಷರ ಒತ್ತು, ಕನ್ನಡ ಮೂಡುತ್ತೆ. ದಿನಾ ಏನಾದ್ರೂ ಬರೆದು ನೋಡು" ಅಂದೆಯಲ್ಲ, ಬರೆದೆ. ನೀನು ಏಳುವಷ್ಟರಲ್ಲಿ ನಾನು ಆಸ್ಪತ್ರೆಯ ಡ್ಯೂಟಿಗೆ ಹೋಗಿರುತ್ತೇನೆ. ನಾನು ಬರುವಷ್ಟರಲ್ಲಿ ನಿನ್ನ ಕೋಣೆಯ ಬಾಗಿಲು ಹಾಕಿರುತ್ತದೆ. ಹಾಗಾಗಿ ನಿನಗೆ ಹೇಳಬೇಕೆಂದಿದ್ದನ್ನೆಲ್ಲ ಅಲ್ಲೇ ಬರೆದು "ಕಳುಹಿಸು" ಒತ್ತುತ್ತಿದ್ದೆ. ವಾರ್ಡಿನ ಸುದ್ದಿ, ನನ್ನ ಮಂಡಿನೋವು, ಅಮ್ಮ ಕನಸಿಗೆ ಬಂದದ್ದು. ಪ್ರತಿ ಸಲವೂ "ಧನ್ಯವಾದ" ಅಂತ ಬರುತ್ತಿತ್ತು. ನೀನು ಓದುತ್ತಿದ್ದೀಯ ಅಂದುಕೊಂಡೆ.

ನಿನ್ನೆ ನೀನು ಯಾರಿಗೋ ಫೋನಿನಲ್ಲಿ ಹೇಳಿದ್ದು ಬಾಗಿಲಾಚೆಗೆ ಕೇಳಿಸಿತು. "ಅದು ಬರೀ ಟ್ರಯಲ್ ಪೇಜು, ಬಟನ್ ತೋರಿಕೆಗೆ. ಬರೆದದ್ದು ಎಲ್ಲಿಗೂ ಹೋಗಲ್ಲ."

ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ನಿನ್ನ ಟೈಪಿಂಗ್ ಚೆನ್ನಾಗಿದೆ, ಒಂದು ಅಕ್ಷರವೂ ತಪ್ಪಲಿಲ್ಲ. ಈ ಚೀಟಿಯ ಹಿಂದೆ "ಓದಿದೆ" ಅಂತ ಬರೆದಿಡು. ಪೆನ್ನು ಪಕ್ಕದಲ್ಲೇ ಇಟ್ಟಿದ್ದೇನೆ.

ಅಕ್ಕ