ಚಾಂದ್‌ಬೀ ಗುಳಿಗೆ ಬಿಟ್ಟದ್ದು ನಮ್ಮ ಮಾತು ನಂಬಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ಸಿಂಧನೂರಿನ ಹೆಪಟೈಟಿಸ್ ಜಾಗೃತಿ ಸಭೆಯಲ್ಲಿ ನಾವಿಬ್ಬರೂ ಸೇರಿ ಮಸ್ಕಿಯ ಒಬ್ಬ ಹೆಣ್ಣುಮಗಳನ್ನು ಸಾವಿನ ಬಾಗಿಲಿಗೆ ಕಳಿಸಿದೆವು. ತಾವು ಅಧ್ಯಕ್ಷತೆ ವಹಿಸಿದ್ದಿರಿ, ನಾನು ಭಾಷಣ ಮಾಡಿದ್ದೆ. ಕಾರ್ಯಕ್ರಮ ‘ಅತ್ಯಂತ ಯಶಸ್ವಿ’ ಎಂದು ತಾವು ಪತ್ರಿಕೆಗಳಿಗೆ ತಿಳಿಸಿದ್ದೀರಿ. ಉಳಿದದ್ದನ್ನು ನಾನು ತಿಳಿಸುತ್ತೇನೆ.

ನಾನು ಲಿಂಗಸುಗೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಲಿವರಿನ ಕೋಶದೊಳಗೆ ಅಡಗಿ ಕೂತ ಹೆಪಟೈಟಿಸ್ ಬಿ ವೈರಸ್ಸಿನ ವಂಶವಾಹಿಯನ್ನು ಕತ್ತರಿಯಿಂದೆಂಬಂತೆ ತುಂಡರಿಸುವ ತಂತ್ರಜ್ಞಾನ ಬಂದಿದೆ ಎಂದೆ. ಚಪ್ಪಾಳೆ ಬಿತ್ತು. ‘ಆದರೆ ಇದಿನ್ನೂ ಪ್ರಯೋಗದ ಹಂತದಲ್ಲಿದೆ’ ಎನ್ನಲು ಬಾಯಿ ತೆರೆದಾಗ ತಾವು ನನ್ನತ್ತ ಬಾಗಿ, “ಮಾಸ್ತರ್ರ, ಚಲೋ ಮಾತಿಗೇ ಮುಗಿಸ್ರಿ. ಜನರ ಹುರುಪು ಕೆಡಸಬ್ಯಾಡ್ರಿ” ಅಂದಿರಿ. ಎಂಥ ಜನಪರ ಕಾಳಜಿ! ನಾನು ಮುಗಿಸಿಬಿಟ್ಟೆ. ತಾವೇನು ನನ್ನ ಬಾಯಿ ಹೊಲಿದಿದ್ದಿರೇ? ಇಲ್ಲ. ಆ ಚಪ್ಪಾಳೆ ನನಗೂ ಹಿತವಾಗಿತ್ತು.

ಆ ಸಭೆಯಲ್ಲಿ ಚಾಂದ್‌ಬೀ ಇದ್ದರು. ಮಸ್ಕಿಯಲ್ಲಿ ಬಳೆ ಅಂಗಡಿ ನಡೆಸುವವರು. ಅದೇ ವೈರಸ್ಸಿಗೆ ವರ್ಷಗಳಿಂದ ದಿನಾ ಗುಳಿಗೆ ನುಂಗುತ್ತಿದ್ದರು. ಕತ್ತರಿ ಇಲಾಜು ಬಂತಲ್ಲ, ಇನ್ನು ಗುಳಿಗೆ ಯಾಕೆಂದು ಮನೆಗೆ ಹೋದವರೇ ಅದನ್ನು ಬಿಟ್ಟರು. ಅದುಮಿಟ್ಟಿದ್ದ ವೈರಸ್ ಕೆರಳಿತು. ಕೆಲವು ತಿಂಗಳಲ್ಲೇ ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ ಆಸ್ಪತ್ರೆ ಸೇರಿದರು.

ಅವರ ಗಂಡ ಮೌಲಾಸಾಬ್ ನನ್ನನ್ನು ಹುಡುಕಿಕೊಂಡು ಕಾಲೇಜಿಗೆ ಬಂದರು. ಜಗಳಕ್ಕೆ ಬಂದಿದ್ದಾರೆಂದು ಹೆದರಿದೆ. ಅವರು ಕೈಮುಗಿದು ಕೇಳಿದರು: “ಸರ್, ಆ ಕತ್ತರಿ ಇಲಾಜು ಎಲ್ಲಿ ಮಾಡ್ತಾರ್ರೀ? ಎಷ್ಟ ದೂರ ಇದ್ರೂ ಆಕಿನ್ನ ಕರ್ಕೊಂಡು ಹೋಗ್ತೀನಿ.”

“ಎಲ್ಲೂ ಇಲ್ಲರಿ. ಇನ್ನೂ ಪರೀಕ್ಷಾ ಮಾಡಾಕತ್ತಾರ,” ಅಂದೆ.

“ಮತ್ತ ಅವತ್ತು ಯಾಕ ಹೇಳಲಿಲ್ಲರಿ?”

ತಾವಾಗಿದ್ದರೆ ಏನು ಹೇಳುತ್ತಿದ್ದಿರಿ?

ಅವರೊಂದಿಗೇ ಆಸ್ಪತ್ರೆಗೆ ಹೋದೆ. ಚಾಂದ್‌ಬೀ ನನ್ನನ್ನು ಕಂಡು ಎದ್ದು ಕೂರಲು ಹವಣಿಸಿದರು. “ತಪ್ಪು ನಂದಾ ರೀ ಸರ್. ನಾ ಸಾಲಿ ಕಲ್ತಿದ್ರ ತಿಳೀತಿತ್ತು,” ಅಂದರು. ಬೈದಿದ್ದರೆ ಹಗುರಾಗುತ್ತಿದ್ದೆ. ಕಲಿತ ನಾವಿಬ್ಬರೂ ಸೇರಿ ಆಕೆಗೆ ತಿಳಿಸಿದ್ದೇನು? ಜೀವ ಉಳಿದಿದೆ. ಲಿವರ್ ಮೊದಲಿನಂತಾಗುವುದಿಲ್ಲವಂತೆ. ಅಂಗಡಿಯಲ್ಲಿ ಕೂರುವ ಶಕ್ತಿ ಇಲ್ಲ.

ಈಗ ಮುದಗಲ್ಲಿನ ಸಭೆಗೂ ಅದೇ ಭಾಷಣಕ್ಕೆ ನನ್ನನ್ನು ಕರೆದಿದ್ದೀರಿ. ಬರುತ್ತೇನೆ. ಆದರೆ ನನಗಿಂತ ಮೊದಲು ತಾವು ಎದ್ದು ನಿಂತು, ಈ ಚಿಕಿತ್ಸೆ ಇನ್ನೂ ರೋಗಿಗಳಿಗೆ ಸಿಗುವುದಿಲ್ಲ, ವೈದ್ಯರನ್ನು ಕೇಳದೆ ಗುಳಿಗೆ ಬಿಡಬೇಡಿ ಎಂದು ಹೇಳಬೇಕು. ಸಿಂಧನೂರಿಗೆ ಬಂದಿದ್ದವರ ಮನೆಮನೆಗೂ ಆಶಾ ಕಾರ್ಯಕರ್ತೆಯರನ್ನು ಇದೇ ವಾರ ಕಳಿಸಬೇಕು. ಅವರಲ್ಲಿ ಇನ್ನೆಷ್ಟು ಮಂದಿ ಗುಳಿಗೆ ಬಿಟ್ಟು ಕಾಯುತ್ತಿದ್ದಾರೋ, ನನಗೆ ಗೊತ್ತಿಲ್ಲ. ತಮಗೂ ಗೊತ್ತಿಲ್ಲ.

ಇಂತಿ,
ಚಾಂದ್‌ಬೀ ಬೈಯದೆ ಬಿಟ್ಟ ಮಾಸ್ತರ,
ಸಂಗನಬಸವ, ಲಿಂಗಸುಗೂರು